ಹಳೇ ಮೋಟರ್ ಬೋಟ್ ಕೊಂಡ ಮೊದಲ ವರ್ಷ: ಯಾವ ಕೆಲಸ ಮೊದಲು, ಯಾವುದು ಆಮೇಲೆ?

ಪ್ರಶ್ನೆ: 19 ಅಡಿಯ ಫೈಬರ್ ಬೋಟ್ ಒಂದನ್ನು ಟ್ರೈಲರ್ ಸಮೇತ ಸೆಕೆಂಡ್ ಹ್ಯಾಂಡ್ ಕೊಂಡಿದ್ದೇನೆ. ವಯಸ್ಸು 15 ವರ್ಷ, 115 ಎಚ್‌ಪಿಯ ಫೋರ್ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್. ಕೀಲಿ ತಿರುಗಿಸಿದರೆ ತಕ್ಷಣ ಸ್ಟಾರ್ಟ್ ಆಗುತ್ತದೆ. ಆದರೆ ಹಿಂದಿನ ಸೀಟಿನ ಹತ್ತಿರ ಕಾಲಿಟ್ಟರೆ ನೆಲ ಮೆತ್ತಗೆ ಕುಗ್ಗುತ್ತದೆ. ಓಡಿಸುವಾಗ ಒಮ್ಮೊಮ್ಮೆ ಅಲಾರಂ ಕೂಗಿ ತಾನಾಗಿಯೇ ನಿಲ್ಲುತ್ತದೆ. ಲೈಟುಗಳು ಮಿಣುಕುತ್ತವೆ, ಮೈಬಣ್ಣ ಮಂಕಾಗಿದೆ. ಈ ಸೀಸನ್ನಿಗೆ ಪಾಲಿಶ್, ಹೊಸ ಸೀಟು, ಸ್ಟೀರಿಯೊ ಹಾಕಿಸಿ ಓಡಿಸೋಣ, ಉಳಿದದ್ದನ್ನು ಮುಂದಿನ ವರ್ಷ ನೋಡೋಣ ಅಂದುಕೊಂಡಿದ್ದೇನೆ. ಸರಿಯೇ? ಯಾವ ಕೆಲಸವನ್ನು ನಾನೇ ಮಾಡಿಕೊಳ್ಳಬಹುದು?

ಉತ್ತರ: ಸರಿಯಲ್ಲ. ನಿಮ್ಮ ಪಟ್ಟಿಯನ್ನು ತಲೆಕೆಳಗು ಮಾಡಿದರೆ ಸರಿಹೋಗುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ಈ ಬೋಟಿಗೆ ಈಗ ಸ್ಟೀರಿಯೊ ಹಾಕಿಸುವುದೆಂದರೆ ಅದೇ.

ನೀವು ಬರೆದಿರುವ ಮೂರು ತೊಂದರೆಗಳೂ ನೋಡಲು ಬೇರೆ ಬೇರೆ, ಬೇರು ಒಂದೇ: ನೀರು. ನೆಲ ಕುಗ್ಗುವುದು ಫೈಬರ್ ಪದರದಡಿಯ ಮರದೊಳಗೆ ನೀರು ಹೊಕ್ಕಿದ್ದರಿಂದ. ಅಲಾರಂ ಕೂಗುವುದು, ಬಹುತೇಕ, ಎಂಜಿನ್ನಿನೊಳಗೆ ಹೋಗಬೇಕಾದ ನೀರು ಹೋಗದೆ ಇರುವುದರಿಂದ. ಲೈಟು ಮಿಣುಕುವುದು ವೈರಿನ ಜೋಡಣೆಗಳಿಗೆ ತೇವ ತಗುಲಿ ಹಸಿರು ಕಿಲುಬು ಕಟ್ಟಿರುವುದರಿಂದ. ಹಳೇ ಬೋಟಿನ ಮೊದಲ ವರ್ಷದ ಕೆಲಸವೆಲ್ಲ ಈ ನೀರಿನ ಜಾಡು ಹಿಡಿಯುವುದೇ. ಬೋಟಿಗೆ ಕೊಟ್ಟ ಬೆಲೆಯ ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ಹಣವನ್ನು ಈ ವರ್ಷಕ್ಕೆಂದು ಬೇರೆ ತೆಗೆದಿಡಿ. ಆದರೆ ಕೆಳಗೆ ಹೇಳುವ ಮೊದಲ ಪರೀಕ್ಷೆ ಮುಗಿಯುವ ತನಕ ಅದರಲ್ಲಿ ಒಂದು ಪೈಸೆಯನ್ನೂ ಖರ್ಚು ಮಾಡಬೇಡಿ. ಈ ಬೋಟಿಗೆ ಹಣ ಹಾಕುವುದು ಸರಿಯೋ ಅಲ್ಲವೋ ಎಂದು ಹೇಳುವುದೇ ಆ ಪರೀಕ್ಷೆ.

ಮೊದಲು ಟ್ರಾನ್ಸಮ್

ಎಂಜಿನ್ ತೂಗುಹಾಕಿರುವ ಹಿಂಬದಿಯ ಗೋಡೆಗೆ ಟ್ರಾನ್ಸಮ್ ಎನ್ನುತ್ತಾರೆ. ಈ ವಯಸ್ಸಿನ ಎಷ್ಟೋ ಬೋಟುಗಳಲ್ಲಿ ಅದು ಹೊರಗಿನಿಂದ ಫೈಬರಿನಂತೆ ಕಂಡರೂ ಒಳಗೆ 40ರಿಂದ 50 ಮಿಮೀ ದಪ್ಪದ ಪ್ಲೈವುಡ್ ಇರುತ್ತದೆ. ಈ ಶಕ್ತಿಯ ಎಂಜಿನ್ 160ರಿಂದ 220 ಕೆಜಿ ತೂಗುತ್ತದೆ. ಬೋಟ್ ಅಲೆಯ ಮೇಲೆ ಎಗರಿ ಬಿದ್ದಾಗ ಆ ತೂಕ ಹಲವು ಪಟ್ಟಾಗಿ ಈ ಗೋಡೆಯನ್ನೇ ಜಗ್ಗುತ್ತದೆ. ನೆಲ ಮೆತ್ತಗಾಗಿರುವುದು ಹಿಂಬದಿಯಲ್ಲೇ ಆದ್ದರಿಂದ, ನೀರು ಟ್ರಾನ್ಸಮ್‌ವರೆಗೂ ಹೋಗಿದೆಯೇ ಎಂಬುದನ್ನು ಮೊದಲು ತಿಳಿಯಬೇಕು.

ಟ್ರೈಲರ್ ಮೇಲೆ ಬೋಟನ್ನು ಬಿಗಿಯಾಗಿ ಕಟ್ಟಿ, ಎಂಜಿನ್ನಿಗೆ ಕೊಟ್ಟಿರುವ ಆಸರೆ ತೆಗೆದು, ಎಂಜಿನ್ನನ್ನು ಅರ್ಧಕ್ಕೆ ಎತ್ತಿ ನಿಲ್ಲಿಸಿ. ಒಬ್ಬರು ಪ್ರೊಪೆಲ್ಲರಿನ ಮೇಲ್ಭಾಗದ ರೆಕ್ಕೆಯಂಥ ತಟ್ಟೆಯ ಮೇಲೆ ಮೈಭಾರ ಬಿಟ್ಟು ಮೇಲೆ ಕೆಳಗೆ ಅದುಮಲಿ. ಇನ್ನೊಬ್ಬರು ಎಂಜಿನ್ ಬ್ರಾಕೆಟ್ಟಿನ ಮೇಲ್ತುದಿಯಲ್ಲೂ, ಟ್ರಾನ್ಸಮ್ ಬೋಟಿನ ಪಕ್ಕೆಗೆ ಸೇರುವ ಮೂಲೆಯಲ್ಲೂ ಬೆರಳಿಟ್ಟು ನೋಡಲಿ. ಇಡೀ ಬೋಟ್ ಒಟ್ಟಿಗೆ ಅಲುಗಿದರೆ ಚಿಂತೆಯಿಲ್ಲ. ಬೋಟ್ ನಿಂತಲ್ಲೇ ನಿಂತು ಗೋಡೆ ಮಾತ್ರ ಕಣ್ಣಿಗೆ ಕಾಣುವಷ್ಟು ಬಾಗಿದರೆ, ಅಥವಾ ಮೂಲೆಯಲ್ಲಿ ಕೂದಲೆಳೆಯಂಥ ಬಿರುಕು ಬಾಯಿಬಿಟ್ಟು ಮುಚ್ಚಿದರೆ, ಒಳಗಿನ ಮರ ಹೋಗಿದೆ.

ಬಾಗದಿದ್ದರೂ ಅಷ್ಟಕ್ಕೇ ಬಿಡಬೇಡಿ. ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಇಡೀ ಗೋಡೆಯನ್ನು ಅಂಗೈ ಅಗಲಕ್ಕೊಂದರಂತೆ ತಟ್ಟುತ್ತಾ ಬನ್ನಿ. ಗಟ್ಟಿ ಮರವಿದ್ದಲ್ಲಿ ಟಕ್ ಎಂದು ಚುರುಕಾದ ಸದ್ದು, ಕೊಳೆತಲ್ಲಿ ದಬ್ ಎಂಬ ಸತ್ತ ಸದ್ದು. ಸದ್ದು ಬದಲಾದ ಗೆರೆಯನ್ನು ಪೆನ್ಸಿಲ್ಲಿನಿಂದ ಗುರುತಿಸಿ. ಕೊನೆಯ ಮಾತು ಡ್ರಿಲ್ಲಿನದು. 4 ಮಿಮೀ ಬಿಟ್ಟಿಗೆ ತುದಿಯಿಂದ 30 ಮಿಮೀ ಬಿಟ್ಟು ಟೇಪ್ ಸುತ್ತಿ, ಹೊರಪದರ ತೂತಾಗದಂತೆ ಬೋಟಿನ ಒಳಗಡೆಯಿಂದ ಕೊರೆಯಿರಿ. ನೀರು ಬಸಿಯುವ ತೂತಿನ ಪಕ್ಕ ಒಂದು, ಎಂಜಿನ್ ಬೋಲ್ಟುಗಳ ಕೆಳಗೆ ಎರಡು, ಎರಡು ಮೂಲೆಗಳಲ್ಲಿ ಒಂದೊಂದು. ಬಿಟ್ಟಿನ ಜೊತೆ ಬರುವ ಪುಡಿಯನ್ನು ಬಿಳಿ ಕಾಗದದ ಮೇಲೆ ಹಿಡಿಯಿರಿ. ತಿಳಿ ಬಣ್ಣದ ಒಣ ಹೊಟ್ಟು ಬಂದರೆ ಮರ ಚೆನ್ನಾಗಿದೆ. ಕಂದು ಬಣ್ಣದ, ಬೆರಳಿಗೆ ಅಂಟುವ, ಹುಳಿ ವಾಸನೆಯ ಮುದ್ದೆ ಬಂದರೆ ಕೊಳೆತಿದೆ. ತೇವ ಅಳೆಯುವ ಮೀಟರ್ ಸಿಕ್ಕರೆ ಬಳಸಿ, ಆದರೆ ಅದೊಂದನ್ನೇ ನಂಬಬೇಡಿ. ಹತ್ತಿರದ ಲೋಹಕ್ಕೂ ಕೆಲವು ಬಣ್ಣಗಳಿಗೂ ಅದು ಮೋಸಹೋಗುತ್ತದೆ, ಮರದ ಪುಡಿ ಮೋಸ ಮಾಡುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಆ ತೂತುಗಳನ್ನು ಎಪಾಕ್ಸಿ (ಎರಡು ಭಾಗ ಕಲಸಿದರೆ ಗಟ್ಟಿಯಾಗುವ ಅಂಟು ರೆಸಿನ್) ತುಂಬಿ ಮುಚ್ಚುವುದನ್ನು ಮರೆಯಬೇಡಿ.

ಬಸಿಯುವ ತೂತಿನ ಸುತ್ತ ಅಂಗೈಯಗಲ ಮಾತ್ರ ಒದ್ದೆಯಾಗಿದ್ದರೆ ಆ ಭಾಗವನ್ನಷ್ಟೇ ಒಳಗಿನಿಂದ ಕತ್ತರಿಸಿ, ಹೊಸ ಮರ ಕೂರಿಸಿ ಮುಚ್ಚಬಹುದು. ಕೆಳಗಿನ ಅರ್ಧವೆಲ್ಲ ಹೋಗಿದ್ದರೆ ಎಂಜಿನ್ ಇಳಿಸಿ ಇಡೀ ಮರವನ್ನು ಬದಲಾಯಿಸಬೇಕು. ಅದು ವಾರಗಳ ಕೆಲಸ, ಅನುಭವವಿಲ್ಲದವರು ಕೈಹಾಕುವುದಲ್ಲ. ಆಗ ಎರಡು ಕಡೆ ಅಂದಾಜು ಪಟ್ಟಿ ತರಿಸಿ ಬೋಟಿನ ಬೆಲೆಯ ಪಕ್ಕ ಇಟ್ಟು ನೋಡಿ. ಮೂಗಿಗಿಂತ ಮೂಗುತಿ ಭಾರವಾದರೆ ಎಂಜಿನ್ನನ್ನೂ ಟ್ರೈಲರನ್ನೂ ಉಳಿಸಿಕೊಂಡು ಬೇರೆ ಮೈ ಹುಡುಕುವುದೇ ಲೇಸು. ನಾಲ್ಕು ತೂತು ಕೊರೆದು ತೆಳು ಎಪಾಕ್ಸಿ ಸುರಿದರೆ ಮರ ಮತ್ತೆ ಗಟ್ಟಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಒದ್ದೆ ಮರದೊಳಕ್ಕೆ ಎಪಾಕ್ಸಿ ಇಳಿಯುವುದಿಲ್ಲ, ಕೊಳೆತ ನಾರಿಗೆ ಹೋದ ಬಲ ತಿರುಗಿ ಬರುವುದೂ ಇಲ್ಲ.

ನೆಲ, ಮತ್ತು ನೆಲದಡಿಯ ಫೋಮ್

ಟ್ರಾನ್ಸಮ್ ಪಾಸಾಯಿತು ಎಂದುಕೊಳ್ಳೋಣ. ನೆಲ ಒಡೆಯುವ ಮುನ್ನ ಬೋಟನ್ನು ಟ್ರೈಲರ್ ಸಮೇತ ಲಾರಿ ತೂಗುವ ವೇಬ್ರಿಡ್ಜಿಗೆ ಒಯ್ಯಿರಿ. ಬಂದ ತೂಕದಲ್ಲಿ ಟ್ರೈಲರ್, ಎಂಜಿನ್, ಬ್ಯಾಟರಿ, ಪೆಟ್ರೋಲ್ (ಲೀಟರಿಗೆ ಮುಕ್ಕಾಲು ಕೆಜಿ ಹಿಡಿಯಿರಿ) ಕಳೆದು, ಉಳಿದದ್ದನ್ನು ತಯಾರಕರು ಬರೆದ ಖಾಲಿ ಬೋಟಿನ ತೂಕಕ್ಕೆ ಹೋಲಿಸಿ. ಐವತ್ತು ಕೆಜಿ ಹೆಚ್ಚಿದ್ದರೆ ಸಾಮಾನು ಸರಂಜಾಮಿನದು. 150–200 ಕೆಜಿ ಹೆಚ್ಚಿದ್ದರೆ ನೆಲದಡಿಯ ಫೋಮ್ ನೀರು ಕುಡಿದು ಕೂತಿದೆ. ಬೋಟ್ ಮುಳುಗದಿರಲೆಂದು ತುಂಬಿದ ಈ ಪಾಲಿಯುರಿಥೇನ್ ಫೋಮ್ ಒಮ್ಮೆ ನೀರು ಹೀರಿತೆಂದರೆ ಬಿಸಿಲಿಗೆ ತಿಂಗಳುಗಟ್ಟಲೆ ಇಟ್ಟರೂ ಒಣಗುವುದಿಲ್ಲ. ಕೆತ್ತಿ ತೆಗೆಯುವುದೊಂದೇ ದಾರಿ. ಅದನ್ನು ಅಲ್ಲೇ ಬಿಟ್ಟು ಮೇಲೆ ಹೊಸ ನೆಲ ಹಾಸಿದರೆ ಹೊಸ ಪ್ಲೈವುಡ್ಡೂ ಅಡಿಯಿಂದ ಕೊಳೆಯಲು ಶುರುವಾಗುತ್ತದೆ.

ತಟ್ಟಿ ನೋಡಿ ಮೆತ್ತಗಿನ ಜಾಗವನ್ನು ಗುರುತಿಸಿ, ಅದರಿಂದ 15–20 ಸೆಂಮೀ ಆಚೆಗೆ ಕತ್ತರಿಸುವ ಗೆರೆ ಎಳೆಯಿರಿ. ಗರಗಸ ಹಿಡಿಯುವ ಮೊದಲು ಪೆಟ್ರೋಲ್ ಟ್ಯಾಂಕ್ ಎಲ್ಲಿದೆ, ಪೈಪು ವೈರು ಎಲ್ಲಿ ಹಾದಿವೆ ಎಂಬುದು ಗೊತ್ತಿರಬೇಕು. ಈ ಗಾತ್ರದ ಬೋಟಿನಲ್ಲಿ ಟ್ಯಾಂಕ್ ಸಾಮಾನ್ಯವಾಗಿ ನಡುವೆ, ನೆಲದಡಿಯೇ ಇರುತ್ತದೆ. ಬ್ಯಾಟರಿ ಕಳಚಿ, ಪೆಟ್ರೋಲ್ ಖಾಲಿ ಮಾಡಿ, ಗಾಳಿಯಾಡಲು ಬಿಟ್ಟು, ಪೆಟ್ರೋಲ್ ವಾಸನೆ ಸ್ವಲ್ಪವೂ ಇಲ್ಲವೆಂದಾದ ಮೇಲೆ ಶುರುಮಾಡಿ. ಸಣ್ಣದೊಂದು ತೂತು ಕೊರೆದು ನೆಲದ ದಪ್ಪ ಅಳೆದು, ಗರಗಸದ ಆಳವನ್ನು ಅಷ್ಟಕ್ಕೇ ಕಟ್ಟಿ. ಆಳ ಹೆಚ್ಚಾದರೆ ಕೆಳಗಿನ ಉದ್ದ ತೊಲೆಗಳಿಗೆ ಗಾಯವಾಗುತ್ತದೆ. ಬೋಟಿನ ಬೆನ್ನುಮೂಳೆಯೇ ಅವು. ಸುತ್ತಲೂ 40–50 ಮಿಮೀ ಹಳೆಯ ಅಂಚು ಉಳಿಸಿಕೊಂಡರೆ ಹೊಸ ಹಲಗೆ ಕೂರಲು ಪೀಠ ಸಿಗುತ್ತದೆ. ನೆಲ ತೆರೆದ ಮೇಲೆ ತೊಲೆಗಳಿಗೂ ಅದೇ ಡ್ರಿಲ್ ಪರೀಕ್ಷೆ ಮಾಡಿ.

ಹೊಸ ಹಲಗೆಗೆ 12 ಮಿಮೀ ಮರೈನ್ ಪ್ಲೈವುಡ್. ಕೂರಿಸುವ ಮುನ್ನವೇ ಎರಡೂ ಮುಖಗಳಿಗೆ ಎರಡು ಕೋಟು, ಅಂಚುಗಳಿಗೆ ಮೂರು ಕೋಟು ತೆಳು ಎಪಾಕ್ಸಿ ಹಚ್ಚಿ. ನೀರು ಮೊದಲು ಹೊಗುವುದೇ ಅಂಚಿನ ಕಡೆಯಿಂದ, ಜನ ಮರೆಯುವುದೂ ಅಂಚನ್ನೇ. ಗಟ್ಟಿಯಾದ ಎಪಾಕ್ಸಿ ಮೇಲೆ ಜಿಡ್ಡಿನಂಥ ಪೊರೆ ಕಟ್ಟಿದ್ದರೆ ನೀರು ಮತ್ತು ಒರಟು ಸ್ಪಂಜಿನಿಂದ ತೊಳೆದು, ಆಮೇಲೆ ಸ್ಯಾಂಡ್ ಪೇಪರ್ ಉಜ್ಜಿ, ಮುಂದಿನ ಕೋಟು ಹಚ್ಚಬೇಕು. ತೊಳೆಯದೆ ಉಜ್ಜಿದರೆ ಜಿಡ್ಡು ಒಳಕ್ಕೇ ಸೇರಿ ಮೇಲಿನ ಕೋಟು ಸಿಪ್ಪೆಯಂತೆ ಎದ್ದುಬರುತ್ತದೆ. ಚಾಕುವಿನಲ್ಲಿ ಎತ್ತಿದರೆ ಜಾರದಷ್ಟು ಗಟ್ಟಿಯಾಗುವಂತೆ ಎಪಾಕ್ಸಿಗೆ ಸಿಲಿಕಾ ಪುಡಿ ಕಲಸಿ, ತೊಲೆ ಮತ್ತು ಪೀಠದ ಮೇಲೆ ಹಾಸಿ, ಹಲಗೆ ಅದುಮಿ ಭಾರ ಹೇರಿ.

ಅದರ ಮೇಲೆ ಗಾಜಿನ ನಾರಿನ ಬಟ್ಟೆ ಎರಡು ಪದರ. ಎರಡು ದಿಕ್ಕಿನ ನಾರುಗಳನ್ನು ಸೇರಿಸಿ ಹೊಲಿದ ಬೈಯಾಕ್ಸಿಯಲ್ ಬಟ್ಟೆಯನ್ನೇ ತನ್ನಿ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಚಾಪೆಯಂಥ ಮ್ಯಾಟನ್ನು ಹಿಡಿದಿಡುವ ಅಂಟು ಪಾಲಿಯೆಸ್ಟರ್ ರೆಸಿನ್ನಿನಲ್ಲಿ ಕರಗುವಂಥದ್ದು. ಎಪಾಕ್ಸಿಯಲ್ಲಿ ಅದು ಕರಗದೆ, ಮ್ಯಾಟ್ ಬಿರುಸಾಗಿಯೇ ಉಳಿದು ಗುಳ್ಳೆ ಕಟ್ಟುತ್ತದೆ. ಹೊಸ ಬಟ್ಟೆ ಹಳೇ ಫೈಬರಿನ ಮೇಲೆ 75–100 ಮಿಮೀ ಹತ್ತಬೇಕು, ಆ ಭಾಗವನ್ನು ಬಣ್ಣವೆಲ್ಲ ಹೋಗಿ ನಾರು ಕಾಣುವ ತನಕ ಉಜ್ಜಿರಬೇಕು. ಲೆಕ್ಕ ಸುಲಭ: ಬಟ್ಟೆ ಎಷ್ಟು ತೂಗುತ್ತದೋ ಸರಿಸುಮಾರು ಅಷ್ಟೇ ತೂಕದ ರೆಸಿನ್. 600 ಗ್ರಾಮಿನ ಬಟ್ಟೆ ಎರಡು ಪದರವೆಂದರೆ ಚದರ ಮೀಟರಿಗೆ 1.2 ಕೆಜಿ ರೆಸಿನ್, ಮರಕ್ಕೆ ಕುಡಿಸುವುದು ಬೇರೆ. ಒಂದು ಸಲಕ್ಕೆ 200–300 ಗ್ರಾಂಗಿಂತ ಹೆಚ್ಚು ಕಲಸಬೇಡಿ, ಕಲಸಿದ್ದನ್ನು ಲೋಟದಲ್ಲಿ ಬಿಡದೆ ಅಗಲ ತಟ್ಟೆಗೆ ಸುರಿಯಿರಿ. ಲೋಟದಲ್ಲೇ ಬಿಟ್ಟರೆ ತನ್ನ ಬಿಸಿಗೆ ತಾನೇ ಕಾದು ಹೊಗೆಯೆದ್ದು ಕಲ್ಲಾಗುತ್ತದೆ. ಕೈಗೆ ಗ್ಲೌಸ್, ಉಜ್ಜುವಾಗ ಮೂಗಿಗೆ ಮಾಸ್ಕ್ ತಪ್ಪಿಸಬೇಡಿ. ಎಪಾಕ್ಸಿ ಮೇಲೆ ಫೈಬರ್ ಬೋಟಿನ ಹೊರಮೈಗೆ ಬಳಿಯುವ ಸಾಮಾನ್ಯ ಜೆಲ್‌ಕೋಟ್ ಸರಿಯಾಗಿ ಗಟ್ಟಿಯಾಗದು, ಆದ್ದರಿಂದ ಕೊನೆಗೆ ಎರಡು ಭಾಗದ ಪಾಲಿಯುರಿಥೇನ್ ಪೇಂಟ್ ಹೊಡೆಯಿರಿ.

ಇಷ್ಟೆಲ್ಲ ಮಾಡಿ, ಸೀಟನ್ನು ಮೊದಲಿನಂತೆ ಬರೀ ಸ್ಕ್ರೂ ಹೊಡೆದು ಕೂರಿಸಿದರೆ ಕೆಲವೇ ವರ್ಷಗಳಲ್ಲಿ ಮತ್ತೆ ಇದೇ ಕಥೆ. ನೆಲ ಕೊಳೆಯಲು ಕಾರಣವೇ ಸೀಲ್ ಮಾಡದ ಸ್ಕ್ರೂ ತೂತು. 5 ಮಿಮೀ ಸ್ಕ್ರೂ ಇರುವಲ್ಲಿ 10 ಮಿಮೀ ಕೊರೆದು, ಆ ತೂತನ್ನು ಗಟ್ಟಿ ಎಪಾಕ್ಸಿಯಿಂದ ತುಂಬಿ, ಮಾರನೆಯ ದಿನ ಅದರ ನಡುವೆ ಸ್ಕ್ರೂಗೆ ತಕ್ಕ ತೂತು ಕೊರೆಯಿರಿ. ಈಗ ಸ್ಕ್ರೂ ಕೂತಿರುವುದು ಎಪಾಕ್ಸಿಯಲ್ಲಿ. ಪಕ್ಕದಿಂದ ನೀರಿಳಿದರೂ ಮರ ಮುಟ್ಟುವುದಿಲ್ಲ.

ಅಲಾರಂ: ತಾನಾಗಿಯೇ ನಿಂತಿತೆಂದು ಬಿಡಬೇಡಿ

ಹೆಚ್ಚಿನ ಎಂಜಿನ್ನುಗಳಲ್ಲಿ ಬಿಸಿ ಏರಿದರೂ, ಆಯಿಲ್ ಒತ್ತಡ ಇಳಿದರೂ ಕೂಗುವುದು ಒಂದೇ ಬಜರ್. ಆದ್ದರಿಂದ ಮೊದಲು ಆಯಿಲ್ ಮಟ್ಟ ನೋಡಿ, ಮೀಟರಿನಲ್ಲಿ ಯಾವ ದೀಪ ಹತ್ತುತ್ತದೆ ಎಂದು ಗಮನಿಸಿ. ಬಿಸಿಯದ್ದೇ ಆದರೆ ಅದು ಯಾವಾಗ ಕೂಗುತ್ತದೆ ಎಂಬುದರಲ್ಲೇ ಅರ್ಧ ಉತ್ತರವಿದೆ. ನಿಧಾನಕ್ಕೆ ಹೋಗುವಾಗ ಕೂಗಿ ವೇಗ ಹೆಚ್ಚಿಸಿದರೆ ನಿಲ್ಲುತ್ತದೆಯೇ? ಹಾಗಾದರೆ ನೀರಿನ ಪಂಪಿನ ಇಂಪೆಲ್ಲರ್ ಸವೆದಿದೆ, ಇಲ್ಲವೇ ಒತ್ತಡದ ವಾಲ್ವ್ ತೆರೆದೇ ಸಿಕ್ಕಿಕೊಂಡಿದೆ. ಇಂಪೆಲ್ಲರಿನ ರಬ್ಬರ್ ರೆಕ್ಕೆಗಳು ನಿಧಾನ ವೇಗದಲ್ಲಿ ಗೋಡೆಗೆ ಒತ್ತಿ ಕೂತು ನೀರನ್ನು ತಳ್ಳಬೇಕು, ಸವೆದಾಗ ಸಂದಿನಿಂದ ನೀರು ಹಿಂದೆ ಸರಿಯುತ್ತದೆ. ವೇಗ ಹೆಚ್ಚಿದಾಗ ಬರೀ ತಿರುಗುವ ರಭಸಕ್ಕೇ ಒಂದಿಷ್ಟು ನೀರು ಏರುತ್ತದೆ. ತಿರುಗಾಮುರುಗಾ, ವೇಗದಲ್ಲಿ ಕೂಗಿ ನಿಧಾನವಾದಾಗ ನಿಂತರೆ ನೀರು ಎಳೆಯುವ ಜಾಲರಿಗೆ ಕಸ ಕಟ್ಟಿದೆ, ಅಥವಾ ಒಳದಾರಿಗಳಲ್ಲಿ ಉಪ್ಪು, ಮರಳು ತುಂಬಿದೆ. ಎರಡೂ ಹೊತ್ತಿನಲ್ಲಿ ಕೂಗಿದರೆ ಥರ್ಮೋಸ್ಟ್ಯಾಟ್ (ಎಂಜಿನ್ ಬಿಸಿಯಾದಾಗ ನೀರಿಗೆ ದಾರಿ ತೆರೆಯುವ ವಾಲ್ವ್) ಮುಚ್ಚಿಕೊಂಡೇ ಇರುವ ಸಾಧ್ಯತೆ ಹೆಚ್ಚು.

ಏನೇ ಇರಲಿ, ಹಿಂದಿನ ಮಾಲೀಕರ ಮಾತು ಎಷ್ಟೇ ಚೆನ್ನಾಗಿದ್ದರೂ, ಕೊಂಡ ವರ್ಷ ಇಂಪೆಲ್ಲರ್ ಬದಲಾಯಿಸಲೇಬೇಕು. ಇದು ನೀವೇ ಒಂದು ಮಧ್ಯಾಹ್ನದಲ್ಲಿ ಮಾಡಬಹುದಾದ ಕೆಲಸ. ರಬ್ಬರ್ ಮಾತ್ರವಲ್ಲ, ಸ್ಟೀಲ್ ಬಟ್ಟಲು, ಕೆಳತಟ್ಟೆ, ಗ್ಯಾಸ್ಕೆಟ್, ಓ-ರಿಂಗ್, ಕೀ (ಇಂಪೆಲ್ಲರನ್ನು ಶಾಫ್ಟಿಗೆ ಹಿಡಿದಿಡುವ ಪುಟ್ಟ ಲೋಹದ ತುಂಡು) ಎಲ್ಲ ಇರುವ ಪೂರ್ತಿ ಕಿಟ್ಟನ್ನೇ ತನ್ನಿ.

ಪಂಪ್ ಇರುವುದು ಎಂಜಿನ್ನಿನ ಕೆಳತುಂಡಾದ ಗೇರ್‌ಕೇಸಿನ ಮೇಲೆ, ಆದ್ದರಿಂದ ಅದನ್ನು ಇಳಿಸಬೇಕು. ಬ್ಯಾಟರಿ ಕಳಚಿ, ಕಿಲ್ ಸ್ವಿಚ್ಚಿನ (ದಾರ ಎಳೆದರೆ ಎಂಜಿನ್ ಆರಿಸುವ ಸ್ವಿಚ್ಚು) ದಾರ ತೆಗೆಯಿರಿ. ಪ್ರೊಪೆಲ್ಲರಿನ ಮೇಲಿರುವ ಸಣ್ಣ ಟ್ರಿಮ್ ಟ್ಯಾಬ್ ಎಷ್ಟು ಓರೆಯಾಗಿದೆ ಎಂದು ಮಾರ್ಕರಿನಿಂದ ಗೆರೆ ಹಾಕಿ ಬಿಚ್ಚಿ. ಅನೇಕ ಎಂಜಿನ್ನುಗಳಲ್ಲಿ ಅದರಡಿ ಇನ್ನೊಂದು ಬೋಲ್ಟ್ ಅಡಗಿರುತ್ತದೆ, ಅದು ಗೊತ್ತಿಲ್ಲದೆ ಗೇರ್‌ಕೇಸನ್ನು ಸುತ್ತಿಗೆಯಿಂದ ಬಡಿದು ಮೈ ಒಡೆದುಕೊಳ್ಳುವವರಿದ್ದಾರೆ. ಉಳಿದ ಬೋಲ್ಟುಗಳನ್ನು ಎದುರುಬದುರಾಗಿ ಸಡಿಲಿಸಿ, ಕೆಳಗಿನಿಂದ ಇನ್ನೊಬ್ಬರು ಹಿಡಿದಿರುವಂತೆ ನೋಡಿಕೊಂಡು ಇಳಿಸಿ. ಪಂಪಿನ ಮುಚ್ಚಳ ತೆಗೆದ ಕೂಡಲೇ ಹಳೇ ಇಂಪೆಲ್ಲರಿನ ರೆಕ್ಕೆಗಳನ್ನು ಎಣಿಸಿ. ಒಂದು ತುಂಡು ಕಾಣೆಯಾಗಿದ್ದರೂ ಅದು ಮೇಲಿನ ನೀರಿನ ಕೊಳವೆಯಲ್ಲೋ ಥರ್ಮೋಸ್ಟ್ಯಾಟ್ ಹತ್ತಿರವೋ ಸಿಕ್ಕಿರುತ್ತದೆ. ಹುಡುಕಿ ತೆಗೆಯದಿದ್ದರೆ ಹೊಸ ಪಂಪ್ ಹಾಕಿದರೂ ಅಲಾರಂ ಕೂಗುತ್ತಲೇ ಇರುತ್ತದೆ. ಶಾಫ್ಟಿನ ಪಕ್ಕದ ಪುಟ್ಟ ಕೀ ಜಾರಿ ಬೀಳುವುದೂ ಇದೇ ಹೊತ್ತಿನಲ್ಲಿ, ಕೆಳಗೆ ಬಟ್ಟೆ ಹಾಸಿರಿ.

ಕೂರಿಸುವಾಗ ರಬ್ಬರಿಗೆ ಸೋಪಿನ ನೀರು ಅಥವಾ ಗ್ಲಿಸರಿನ್ ಸವರಿ, ಶಾಫ್ಟನ್ನು ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸುತ್ತಾ ಬಟ್ಟಲನ್ನು ಕೆಳಕ್ಕೆ ಒತ್ತಿ. ರೆಕ್ಕೆಗಳು ತಿರುಗುವ ದಿಕ್ಕಿಗೆ ಸರಿಯಾಗಿ ಬಾಗಿ ಒಳಸೇರುತ್ತವೆ. ಶಾಫ್ಟಿನ ಹಲ್ಲುಗಳ ಪಕ್ಕಕ್ಕೆ ಗ್ರೀಸ್ ಹಚ್ಚಿ, ತುದಿಯ ಮೇಲಿನದನ್ನು ಒರೆಸಿಬಿಡಿ. ತುದಿಯಲ್ಲಿ ಗ್ರೀಸ್ ಸಿಕ್ಕಿಬಿದ್ದರೆ ಶಾಫ್ಟ್ ಪೂರ್ತಿ ಮೇಲೇರುವುದಿಲ್ಲ. ಗೇರ್‌ಕೇಸ್ ಏರಿಸುವಾಗ ಕೊನೆಯ ಒಂದು ಸೆಂಟಿಮೀಟರ್ ಸಂದು ಉಳಿದರೆ ಬೋಲ್ಟ್ ಬಿಗಿದು ಎಳೆಯಬೇಡಿ. ಗೇರಿನಲ್ಲಿಟ್ಟು ಪ್ರೊಪೆಲ್ಲರನ್ನು ಕೈಯಲ್ಲಿ ಸ್ವಲ್ಪ ತಿರುಗಿಸಿದರೆ ಹಲ್ಲುಗಳು ಹೊಂದಿಕೊಂಡು ಅದೇ ಮೇಲೇರುತ್ತದೆ. ಬಿಗಿ ಎಷ್ಟಿರಬೇಕೆಂಬುದು ನಿಮ್ಮ ಎಂಜಿನ್ನಿನ ಮ್ಯಾನ್ಯುಯಲ್ಲಿನಲ್ಲಿದೆ. ಎಂಜಿನ್ ಮಾದರಿಯ ಸರ್ವಿಸ್ ಮ್ಯಾನ್ಯುಯಲ್ ಕೊಳ್ಳುವುದು ಈ ವರ್ಷದ ಮೊದಲ ಖರ್ಚಾಗಲಿ. ಅಂದಹಾಗೆ, ನೀರಿನ ಸಂಪರ್ಕವಿಲ್ಲದೆ ಒಮ್ಮೆ ಸ್ಟಾರ್ಟ್ ಮಾಡಿ ನೋಡೋಣ ಎಂಬ ಆಸೆ ಬೇಡ. ಒಣಗಿ ತಿರುಗಿದರೆ ಹೊಸ ಇಂಪೆಲ್ಲರ್ ಒಂದು ನಿಮಿಷದೊಳಗೇ ಸುಟ್ಟುಕೊಳ್ಳಬಹುದು.

ಥರ್ಮೋಸ್ಟ್ಯಾಟನ್ನು ದಾರಕ್ಕೆ ಕಟ್ಟಿ, ಪಾತ್ರೆಯ ನೀರಿನಲ್ಲಿ ಥರ್ಮಾಮೀಟರ್ ಜೊತೆ ಇಳಿಬಿಟ್ಟು ಕಾಯಿಸಿ. ಬಹಳಷ್ಟು ಔಟ್‌ಬೋರ್ಡುಗಳಲ್ಲಿ ಅದು 50ರಿಂದ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ತೆರೆಯಬೇಕು. ಕಾರಿನದು 80 ದಾಟಿದ ಮೇಲೆ ತೆರೆಯುವಂಥದ್ದು, ಅಳತೆ ಹೊಂದಿದರೂ ಹಾಕಬಾರದು.

ಗೇರ್ ಆಯಿಲ್ ತೆಗೆಯುವುದು ಇದೇ ಸರದಿಯಲ್ಲಿ ಮುಗಿಯಲಿ. ಎಂಜಿನ್ ಒಂದು ರಾತ್ರಿ ನೆಟ್ಟಗೆ ನಿಂತ ಮೇಲೆ ಕೆಳಗಿನ ಸ್ಕ್ರೂವನ್ನು ನಿಧಾನಕ್ಕೆ ಸಡಿಲಿಸಿ, ಮೊದಲ ಹನಿಗಳನ್ನು ಗಾಜಿನ ಲೋಟದಲ್ಲಿ ಹಿಡಿಯಿರಿ. ಮೊದಲು ನೀರೇ ಬಂದರೂ, ಆಯಿಲ್ ಹಾಲಿನಂತೆ ಬೆಳ್ಳಗಿದ್ದರೂ ಸೀಲು ಹೋಗಿದೆ ಎಂದರ್ಥ. ಅಪರಾಧಿ ಹೆಚ್ಚಿನ ಸಲ ಪ್ರೊಪೆಲ್ಲರ್ ಶಾಫ್ಟಿಗೆ ಸುತ್ತಿಕೊಂಡು ಸೀಲನ್ನು ಕತ್ತರಿಸಿದ ಮೀನಿನ ಗಾಳದ ದಾರ. ಸ್ಕ್ರೂವಿನ ತುದಿಯ ಮ್ಯಾಗ್ನೆಟ್ಟಿನ ಮೇಲೆ ಬೂದುಬಣ್ಣದ ನುಣುಪು ಲೇಪವಿದ್ದರೆ ಸಹಜ, ಉಗುರಿಗೆ ಚುಚ್ಚುವ ಚೂರುಗಳಿದ್ದರೆ ಗೇರ್ ಸವೆಯುತ್ತಿದೆ. ಹೊಸ ಆಯಿಲನ್ನು ಕೆಳಗಿನ ತೂತಿನಿಂದಲೇ, ಮೇಲಿನದರಿಂದ ಗುಳ್ಳೆಯಿಲ್ಲದೆ ಉಕ್ಕುವ ತನಕ ಪಂಪ್ ಮಾಡಿ. ಮೊದಲು ಮೇಲಿನ ಸ್ಕ್ರೂ ಹಾಕಿ, ಆಮೇಲೆ ಪಂಪ್ ತೆಗೆದು ಕೆಳಗಿನದು. ಎರಡಕ್ಕೂ ಹೊಸ ವಾಷರ್. ಚಿಲ್ಲರೆ ವಾಷರ್ ಉಳಿಸಲು ಹೋಗಿ ಇಡೀ ಗೇರ್‌ಕೇಸಿಗೆ ನೀರು ನುಗ್ಗಿಸಿಕೊಂಡವರಿಗೆ ಲೆಕ್ಕವಿಲ್ಲ.

ಎಂಜಿನ್ ಆಯಿಲ್, ಫಿಲ್ಟರ್, ಸ್ಪಾರ್ಕ್ ಪ್ಲಗ್ ಬದಲಾಯಿಸುವುದು ಕಾರಿನಷ್ಟೇ ಸುಲಭ, ಆದರೆ ಡಬ್ಬಿಯ ಮೇಲೆ ಎಫ್‌ಸಿ-ಡಬ್ಲ್ಯೂ ಎಂಬ, ಬೋಟಿನ ಫೋರ್ ಸ್ಟ್ರೋಕ್ ಎಂಜಿನ್ನಿನ ಆಯಿಲಿಗೆ ಕೊಡುವ ಗುರುತು ಇರಲಿ. ಪ್ಲಗ್ ತೆಗೆದಾಗಲೇ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಏಳುವ ಒತ್ತಡ, ಅಳೆಯಿರಿ: ಎಲ್ಲ ಪ್ಲಗ್ಗುಗಳೂ ಹೊರಗೆ, ಥ್ರಾಟಲ್ ಪೂರ್ತಿ ತೆರೆದು, ಬ್ಯಾಟರಿ ಭರ್ತಿ ಇರುವಾಗ, ಸ್ಪಾರ್ಕ್ ಬಾರದಂತೆ ಮಾಡಿಕೊಂಡು. ಅಂಕಿಗಿಂತ ಸಿಲಿಂಡರ್ ಸಿಲಿಂಡರಿನ ನಡುವಿನ ವ್ಯತ್ಯಾಸ ಮುಖ್ಯ. ಅದು ಶೇ 10–15 ದಾಟಿದರೆ ಮೆಕ್ಯಾನಿಕ್ ನೋಡಲಿ. ತುಕ್ಕಿಗೆ ತಾನು ಬಲಿಯಾಗಿ ಎಂಜಿನ್ನನ್ನು ಉಳಿಸುವ ಆನೋಡ್ ತುಂಡುಗಳು ಅರ್ಧ ಸವೆದಿದ್ದರೆ ಬದಲಿಸಿ. ಉಪ್ಪುನೀರಿಗೆ ಸತು ಅಥವಾ ಅಲ್ಯೂಮಿನಿಯಂ, ಸಿಹಿನೀರಿಗೆ ಮೆಗ್ನೀಸಿಯಂ, ಎರಡರಲ್ಲೂ ಓಡಿಸುವವರಿಗೆ ಅಲ್ಯೂಮಿನಿಯಂ. ಅವುಗಳ ಮೇಲೆ ಪೇಂಟ್ ಹೊಡೆದರೆ ಇದ್ದೂ ಇಲ್ಲದಂತೆ.

ಪೆಟ್ರೋಲ್ ದಾರಿ

ನೀರಿನಲ್ಲಿ ಬೋಟಿಗೆ ಬೆಂಕಿ ಬಿದ್ದರೆ ಓಡಲು ಜಾಗವಿಲ್ಲ. 15 ವರ್ಷದ ಪೆಟ್ರೋಲ್ ಹೋಸ್ ನೋಡಲು ಚೆನ್ನಾಗಿದ್ದರೂ ತೆಗೆದು ಬಿಸಾಡಿ. ಎಥನಾಲ್ ಬೆರೆತ ಪೆಟ್ರೋಲಿಗೆ ಹಳೇ ಹೋಸಿನ ಒಳಪದರ ಉದುರಿ ಚೂರುಗಳು ಫಿಲ್ಟರಿಗೆ ಬರುತ್ತವೆ, ಹೊರಪದರ ಬೆವರುತ್ತದೆ. ಹೊಸ ಬಟ್ಟೆಯಿಂದ ಹೋಸನ್ನು ಬಿಗಿಯಾಗಿ ಒರೆಸಿ ಮೂಸಿ ನೋಡಿ, ವಾಸನೆ ಬಟ್ಟೆಗೆ ಹತ್ತಿದರೆ ಹೋಸ್ ಸತ್ತಿದೆ. ಎಂಜಿನ್ನಿಗೆ ಹೋಗುವ ಹೋಸಿನಷ್ಟೇ ಅಪಾಯ ಪೆಟ್ರೋಲ್ ತುಂಬುವ ದಪ್ಪ ಹೋಸಿನದು. ಅದು ಡೆಕ್ಕಿನಡಿ ಕಣ್ಣಿಗೆ ಬೀಳದೆ ಬಿರುಕು ಬಿಟ್ಟಿರುತ್ತದೆ, ಅದರ ಪ್ರತಿ ತುದಿಗೂ ಎರಡೆರಡು ಸ್ಟೀಲ್ ಕ್ಲಿಪ್ ಹಾಕಿ.

ಟ್ಯಾಂಕಿನ ತಳದಿಂದ ಸ್ವಲ್ಪ ಪೆಟ್ರೋಲ್ ತೆಗೆದು ಗಾಜಿನ ಜಾಡಿಯಲ್ಲಿ ಅರ್ಧ ಗಂಟೆ ಬಿಡಿ. ಕೆಳಗೆ ಬೇರೆಯೇ ಪದರ ಕೂತರೆ ಎಥನಾಲ್ ನೀರನ್ನೆಳೆದುಕೊಂಡು ಬೇರ್ಪಟ್ಟಿದೆ. ಔಷಧಿ ಸುರಿದರೆ ಅದು ಸರಿಯಾಗದು, ಟ್ಯಾಂಕ್ ಖಾಲಿ ಮಾಡಲೇಬೇಕು. ಟ್ಯಾಂಕಿಗೂ ಎಂಜಿನ್ನಿಗೂ ನಡುವೆ ನೀರು ಬೇರ್ಪಡಿಸುವ 10 ಮೈಕ್ರಾನ್ ಫಿಲ್ಟರ್ ಇಲ್ಲದಿದ್ದರೆ ಹಾಕಿಸಿ. ಓಡುವಾಗ ಕೈಪಂಪಿನ ರಬ್ಬರ್ ಬಲ್ಬ್ ಚಪ್ಪಟೆಯಾದರೆ ಟ್ಯಾಂಕಿನ ಗಾಳಿದಾರಿ ಕಟ್ಟಿದೆ, ಇಲ್ಲವೇ ಟ್ಯಾಂಕಿನ ಬಾಯಿಯ ವಾಲ್ವ್ ಸಿಕ್ಕಿಕೊಂಡಿದೆ. ಗಾಳಿದಾರಿಯೊಳಗೆ ಹುಳು ಗೂಡು ಕಟ್ಟಿರುವುದು ಅಪರೂಪವೇನಲ್ಲ.

ಮಿಣುಕುವ ಲೈಟು

ಲೈಟು, ಸ್ವಿಚ್ಚು ಬದಲಿಸಲು ಹೋಗಬೇಡಿ. ಮೊದಲು ಬ್ಯಾಟರಿಯ ಎರಡೂ ತುದಿಗಳನ್ನೂ, ಎಲ್ಲ ಕಪ್ಪು ವೈರುಗಳು ಸೇರುವ ನೆಗೆಟಿವ್ ಪಟ್ಟಿಯನ್ನೂ ಬಿಚ್ಚಿ, ಲೋಹ ಹೊಳೆಯುವಂತೆ ಉಜ್ಜಿ ಬಿಗಿಯಿರಿ. ಮಿಣುಕಾಟ ಹೆಚ್ಚಿನ ಸಲ ಇಷ್ಟಕ್ಕೇ ನಿಲ್ಲುತ್ತದೆ. ನಿಲ್ಲದಿದ್ದರೆ ಲೈಟು ಹಚ್ಚಿಟ್ಟು, ಮಲ್ಟಿಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಲೈಟಿನ ಕಪ್ಪು ವೈರಿಗೂ ಇಡಿ. ಸೊನ್ನೆಯ ಹತ್ತಿರ ಇರಬೇಕು. ಅರ್ಧ ವೋಲ್ಟ್ ತೋರಿಸಿದರೆ ಆ ದಾರಿಯಲ್ಲೇ ಕೊಳೆತ ಜೋಡಣೆಯಿದೆ. ಮೊನೆಯನ್ನು ಒಂದೊಂದೇ ಜೋಡಣೆಯ ಮೇಲೆ ಸರಿಸುತ್ತಾ ಬಂದರೆ ಸಿಕ್ಕಿಬೀಳುತ್ತದೆ. ಕೆಂಪು ವೈರಿಗೂ ಬ್ಯಾಟರಿಯ ಪಾಸಿಟಿವ್‌ನಿಂದ ಇದೇ ವಿಧಾನ. ಸ್ಟಾರ್ಟರ್ ತಿರುಗುವಾಗ ಬ್ಯಾಟರಿ 9.6 ವೋಲ್ಟಿಗಿಂತ ಕೆಳಗಿಳಿದರೆ ಬ್ಯಾಟರಿ ಮುದಿಯಾಗಿದೆ. ಸುಮ್ಮನಿದ್ದಾಗ 12.6 ಅಥವಾ 12.7 ಭರ್ತಿ, 12.2 ಅಂದರೆ ಅರ್ಧ.

ಹೊಸ ವೈರು ಎಳೆಯುವುದಿದ್ದರೆ ತವರ ಲೇಪಿಸಿದ ಎಳೆಗಳ ಮರೈನ್ ವೈರು, ಬಿಸಿ ಮಾಡಿದರೆ ಕುಗ್ಗಿ ಅಂಟುವ ಕ್ರಿಂಪ್ ಬಳಸಿ. ಹೊರಳಿಸಿ ಟೇಪ್ ಸುತ್ತಿದ ಜೋಡಣೆ ಒಂದು ಸೀಸನ್ನೂ ಬಾಳುವುದಿಲ್ಲ. ಬ್ಯಾಟರಿಯಿಂದ ಹೊರಡುವ ಪ್ರತಿ ಪಾಸಿಟಿವ್ ವೈರಿಗೂ 18 ಸೆಂಮೀ ಒಳಗೆ ಫ್ಯೂಸ್ ಇರಲಿ. ಸ್ಟಾರ್ಟರಿಗೆ ಹೋಗುವ ದಪ್ಪ ಕೇಬಲ್ಲೊಂದಕ್ಕೆ ವಿನಾಯಿತಿ.

ಬಿಲ್ಜ್ ಪಂಪನ್ನು, ಅಂದರೆ ನೆಲದಡಿ ಸೇರಿದ ನೀರನ್ನು ಹೊರಚೆಲ್ಲುವ ಪಂಪನ್ನು, ಇಲ್ಲೇ ಹೇಳಿಬಿಡುತ್ತೇನೆ. ನೀರಿನ ಮಟ್ಟಕ್ಕಿಂತ 30 ಸೆಂಮೀ ಕೆಳಗೆ 25 ಮಿಮೀ ತೂತಾದರೆ ನಿಮಿಷಕ್ಕೆ 45ರಿಂದ 75 ಲೀಟರ್ ನೀರು ನುಗ್ಗುತ್ತದೆ. ಗಂಟೆಗೆ 500 ಗ್ಯಾಲನ್ ಎಂದು ಬರೆದಿರುವ ಸಣ್ಣ ಪಂಪ್ ಕಾಗದದ ಮೇಲೂ ನಿಮಿಷಕ್ಕೆ 32 ಲೀಟರನ್ನಷ್ಟೇ ಎತ್ತುತ್ತದೆ, ಹೋಸಿನ ಏರು, ವೈರಿನ ನಷ್ಟ ಕಳೆದರೆ ಇನ್ನೂ ಕಡಿಮೆ. ಆದ್ದರಿಂದ 1,000 ಗ್ಯಾಲನ್ನಿಗೆ ಕಡಿಮೆಯದನ್ನು ಹಾಕಬೇಡಿ. ಹೋಸ್ ಒಳಮೈ ನುಣುಪಾಗಿರಲಿ. ನೀರೇರಿದಾಗ ಪಂಪನ್ನು ತಾನಾಗಿ ಚಾಲೂ ಮಾಡುವ ಫ್ಲೋಟ್ ಸ್ವಿಚ್ ಮುಖ್ಯ ಸ್ವಿಚ್ಚಿನ ಮೂಲಕ ಹೋಗದೆ, ತನ್ನದೇ ಫ್ಯೂಸ್ ಮೂಲಕ ನೇರ ಬ್ಯಾಟರಿಗೆ ಸೇರಲಿ. ಇಲ್ಲದಿದ್ದರೆ ಮುಖ್ಯ ಸ್ವಿಚ್ ಆರಿಸಿ ನೀವು ಮನೆಗೆ ಹೋದ ರಾತ್ರಿ ಪಂಪೂ ಮಲಗುತ್ತದೆ. ಪಕ್ಕೆಯಲ್ಲಿರುವ ಬಿಳಿ ಪ್ಲಾಸ್ಟಿಕ್ ನೀರುಬಾಯಿಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಬಿಸಿಲಿಗೆ ಬಿರುಸಾಗಿ ಅಂಚು ಮುರಿದರೆ ಎಲ್ಲವನ್ನೂ ಬದಲಿಸಿ. ಸೀಲ್ ಮಾಡಲು ಮರೈನ್ ಪಾಲಿಯುರಿಥೇನ್ ಬಳಸಿ, ಸಿಲಿಕೋನ್ ಬೇಡ. ಸಿಲಿಕೋನ್ ಹಚ್ಚಿದ ಜಾಗಕ್ಕೆ ಮುಂದೆ ಬೇರೆ ಯಾವುದೂ ಅಂಟುವುದಿಲ್ಲ.

ಉಳಿದವು

ಸ್ಟೀರಿಂಗ್ ಒಂದು ಕಡೆಗೆ ಬಿಗಿಯಾಗಿದ್ದರೆ ಕೇಬಲ್ಲಿನೊಳಗೆ ತುಕ್ಕು ಹಿಡಿದಿದೆ, ಕೇಬಲ್ ಬದಲಿಸಿ. ಎಣ್ಣೆ ಬಿಟ್ಟು ಸಡಿಲಿಸಿದ ಕೇಬಲ್ ನಡುನೀರಿನಲ್ಲಿ ಕೈಕೊಡುತ್ತದೆ. ಪ್ರೊಪೆಲ್ಲರ್ ತೆಗೆದು, ಶಾಫ್ಟಿಗೆ ಸುತ್ತಿದ ದಾರ ಕಿತ್ತು, ಗ್ರೀಸ್ ಹಚ್ಚಿ ಹೊಸ ಪಿನ್ ಹಾಕಿ. ಪೂರ್ತಿ ಥ್ರಾಟಲಿನಲ್ಲಿ ಎಂಜಿನ್ ತನಗೆ ಗೊತ್ತುಮಾಡಿದ ಆರ್‌ಪಿಎಂ ಮುಟ್ಟದೆ ಹೋದರೆ ಪ್ರೊಪೆಲ್ಲರಿನ ಪಿಚ್ (ಒಂದು ಸುತ್ತಿಗೆ ಅದು ಮುಂದೆ ಸಾಗಬೇಕಾದ ದೂರ) ಹೆಚ್ಚಾಗಿದೆ. ಒಂದು ಇಂಚು ಪಿಚ್ ಇಳಿಸಿದರೆ 150–200 ಆರ್‌ಪಿಎಂ ಏರುತ್ತದೆ. ಆದರೆ ಫೋಮಿನ ನೀರು ತೆಗೆಯುವ ಮೊದಲು ಈ ಲೆಕ್ಕ ಹಾಕಬೇಡಿ, ಬೋಟ್ ಹಗುರಾದ ಮೇಲೆ ಅಂಕಿಯೇ ಬೇರೆ ಬರುತ್ತದೆ.

ಟ್ರೈಲರಿನ ಚಕ್ರ ಎತ್ತಿ ತಿರುಗಿಸಿ, ಗರಗರ ಸದ್ದಿದ್ದರೆ ಬೇರಿಂಗ್ ಮತ್ತು ಹಿಂಬದಿಯ ಸೀಲ್ ಹೊಸದು ಹಾಕಿ. ಟೈರಿನ ಪಕ್ಕದ ಕೊನೆಯ ನಾಲ್ಕು ಅಂಕಿ ವಾರ ಮತ್ತು ವರ್ಷ ಹೇಳುತ್ತವೆ: 2317 ಅಂದರೆ 2017ರ 23ನೇ ವಾರ. ಮೇಲ್ಮೈಯ ಅಚ್ಚು (ಟ್ರೆಡ್) ಎಷ್ಟೇ ಉಳಿದಿದ್ದರೂ ಆರು ವರ್ಷ ದಾಟಿದ್ದನ್ನು ತೆಗೆಯಿರಿ.

ಈ ಸೀಸನ್ ಓಡಿಸಬಹುದೇ ಎಂದು ಕೇಳಿದ್ದೀರಿ. ಟ್ರಾನ್ಸಮ್ ಗಟ್ಟಿಯಿದ್ದು, ತೊಲೆಗಳು ಒಣಗಿದ್ದು, ಇಂಪೆಲ್ಲರ್, ಪೆಟ್ರೋಲ್ ಹೋಸ್, ಬಿಲ್ಜ್ ಪಂಪ್, ಸ್ಟೀರಿಂಗ್ ಇಷ್ಟೂ ಮುಗಿದರೆ ಓಡಿಸಿ. ಮೆತ್ತಗಿನ ನೆಲದ ಮೇಲೆ ತಾತ್ಕಾಲಿಕವಾಗಿ ಹಲಗೆ ಹಾಸಿಕೊಂಡು, ಅದರ ರಿಪೇರಿಯನ್ನು ಸೀಸನ್ ಮುಗಿದ ಮೇಲಿನ ಒಣ ತಿಂಗಳುಗಳಿಗೆ ಇಟ್ಟುಕೊಳ್ಳಬಹುದು. ಮೊದಲ ಹತ್ತು ಗಂಟೆ ದಡ ಕಾಣುವಷ್ಟರಲ್ಲೇ ಓಡಿಸಿ, ಎಲ್ಲರೂ ಲೈಫ್ ಜಾಕೆಟ್ ತೊಟ್ಟು, ಕಿಲ್ ಸ್ವಿಚ್ಚಿನ ದಾರ ನಿಮ್ಮ ಮೈಗೆ ಸಿಕ್ಕಿಸಿಕೊಂಡು. ಹತ್ತು ಗಂಟೆಯಾದ ಮೇಲೆ ಗೇರ್ ಆಯಿಲಿನ ಒಂದು ಹನಿ ಮತ್ತೆ ನೋಡಿ, ಗೇರ್‌ಕೇಸ್ ಬೋಲ್ಟುಗಳ ಬಿಗಿ ಪರೀಕ್ಷಿಸಿ. ಸೀಸನ್ ಕೊನೆಯಲ್ಲಿ ಪೆಟ್ರೋಲಿಗೆ ಅದು ಕೆಡದಂತೆ ಕಾಯುವ ಸ್ಟೆಬಿಲೈಸರ್ ಹಾಕಿ ಹತ್ತು ನಿಮಿಷ ಓಡಿಸಿ, ಗೇರ್ ಆಯಿಲ್ ಬದಲಿಸಿ, ನೀರು ಬಸಿಯುವ ಬಿರಡೆ ತೆಗೆದು, ಎಂಜಿನ್ನನ್ನು ಪೂರ್ತಿ ಕೆಳಗಿಳಿಸಿ ಇಡಿ. ಎತ್ತಿಟ್ಟರೆ ಒಳಗೆ ನೀರು ನಿಲ್ಲುತ್ತದೆ, ಹಿಮ ಕಟ್ಟುವ ಊರಾದರೆ ಆ ನೀರೇ ಲೋಹವನ್ನು ಸೀಳುತ್ತದೆ.

ಪಾಲಿಶ್ ಎರಡನೇ ವರ್ಷಕ್ಕಿರಲಿ. ನೆಲದ ಕೆಲಸದ ಧೂಳು ಹೇಗೂ ಅದರ ಮೇಲೇ ಕೂರುತ್ತದೆ. ಸ್ಟೀರಿಯೊ ಹಾಕಿಸುವ ದಿನ ಬಂದಾಗ ಅದಕ್ಕೆ ಬೇರೆ ಫ್ಯೂಸ್ ಕೊಡಿ, ಮತ್ತು ಸ್ಪೀಕರಿಗೆ ಮರದಲ್ಲಿ ಕೊರೆಯುವ ಪ್ರತಿ ಸ್ಕ್ರೂ ತೂತಿಗೂ ಸೀಟಿನದಕ್ಕೆ ಮಾಡಿದಂತೆಯೇ 10 ಮಿಮೀ ಕೊರೆದು, ಎಪಾಕ್ಸಿ ತುಂಬಿ, ಮಾರನೆಯ ದಿನ ಸ್ಕ್ರೂ ಹಾಕಿ.